ಮಾವಿನ ವಾಟೆ ಒಣಗಿದ ಬೀದಿ

ಎಂಬತ್ತರ ದಶಕದ ನಡುವಿನ ಮಾತು. ಜಗಳೂರು ಕಡೆಯವಳಾದ ನಾನು ಸಂತೇಬೆನ್ನೂರಿಗೆ ಸೊಸೆಯಾಗಿ ಬಂದ ಮೇಲೆ ಅದು ಎರಡನೆಯ ಬೇಸಿಗೆ. ಆ ವರ್ಷ ಮಾವಿನ ಮರಗಳು ಕೊಂಬೆ ಮುರಿಯುವಷ್ಟು ಕಾಯಿ ಹೊತ್ತಿದ್ದವು. ಕಾಯಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಲಾರಿ ಮುಷ್ಕರ ಶುರುವಾಯಿತು.

ನಮ್ಮ ಯಜಮಾನರು ಹನುಮಂತಪ್ಪ ಮದುವೆಗೆ ಮುಂಚೆ ಬೆಂಗಳೂರಿನ ಹತ್ತಿರ ಒಂದು ಕೋಳಿ ಫಾರಂನಲ್ಲಿ ಕೆಲಸ ಮಾಡಿದ್ದರು. ಊರಿಗೆ ಬಂದು ಮನೆಯ ಹಿತ್ತಲಿನಲ್ಲೇ ಒಂದು ಶೆಡ್ಡು ಹಾಕಿದ್ದರು. ನಮ್ಮ ಕಡೆ ಆಗ ಕೋಳಿ ಎಂದರೆ ತಿಪ್ಪೆ ಕೆದರುವ ನಾಟಿ ಕೋಳಿ. ತೂತು ಕೊರೆದ ರಟ್ಟಿನ ಡಬ್ಬಿಗಳಲ್ಲಿ ಹಳದಿ ಬಣ್ಣದ ಬ್ರಾಯ್ಲರ್ ಮರಿಗಳು ಬಸ್ಸಿನಿಂದ ಇಳಿದಾಗ ಜನ ಮುತ್ತಿಕೊಂಡು ನೋಡಿದರು. "ಇವಕ್ಕೆ ತಾಯಿ ಎಲ್ಲೈತೆ?" ಎಂದು ಒಬ್ಬರು ಕೇಳಿದರು. ನಮ್ಮವರು ನಕ್ಕು ನನ್ನ ಕಡೆ ಕೈ ತೋರಿಸಿದರು.

ನಿಜಕ್ಕೂ ಹಾಗೇ ಆಯಿತು. ಮರಿಗಳಿಗೆ ಬಲ್ಬಿನ ಕಾವು ಸಾಕಾಗಿದೆಯೋ ಇಲ್ಲವೋ ನೋಡುವುದು, ನೀರು ಬದಲಾಯಿಸುವುದು, ಕೆಳಗೆ ಹಾಸಿದ ಭತ್ತದ ಹೊಟ್ಟಿನಲ್ಲಿ ಕೈಯಾಡಿಸುವುದು ಎಲ್ಲ ನನ್ನ ಪಾಲಿಗೆ ಬಂತು. ನಾನು ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಹಳದಿ ಅಲೆಯೊಂದು ನನ್ನ ಕಾಲಿನ ಕಡೆಗೆ ಉರುಳಿ ಬರುತ್ತಿತ್ತು.

ನಮ್ಮ ಪಕ್ಕದ ಮನೆ ಗೌರಮ್ಮಜ್ಜಿಯದು. ದೊಡ್ಡ ಅಡಿಕೆ ಮನೆತನ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಜನ. ಮಾಂಸ ಇರಲಿ, ಮೊಟ್ಟೆಯ ಸಿಪ್ಪೆ ಅಂಗಳದಲ್ಲಿ ಬಿದ್ದರೂ ಸಗಣಿ ಹಾಕಿ ಸಾರಿಸುವವರು. ಅಂಥವರ ಗೋಡೆಯ ಪಕ್ಕದಲ್ಲೇ ನಮ್ಮ ಶೆಡ್ಡು ಎದ್ದಿತ್ತು. ಅವರಿಗೆ ಇಷ್ಟವಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ಜಗಳಕ್ಕೇನೂ ಬರಲಿಲ್ಲ. ಆದರೆ ಅಜ್ಜಿ ನನ್ನನ್ನು ಎದುರಿಗೆ ಕಂಡಾಗ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಮಾತಾಡಿಸುತ್ತಿದ್ದರು. ನಾನು ಅವರ ಹೊಸ್ತಿಲು ತುಳಿದಿರಲಿಲ್ಲ, ಅವರು ನಮ್ಮ ಹಿತ್ತಲಿಗೆ ಕಾಲಿಟ್ಟಿರಲಿಲ್ಲ.

ಮರಿಗಳು ಹಳದಿ ಉದುರಿಸಿ ಬಿಳಿ ಪುಕ್ಕ ತೊಟ್ಟುಕೊಳ್ಳುವ ಹೊತ್ತಿಗೆ ಮುಷ್ಕರ ಬಂತು. ಮೊದಲು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಎಂದುಕೊಂಡೆವು. ಫೀಡಿನ ಚೀಲಗಳು ಒಂದೊಂದಾಗಿ ಖಾಲಿಯಾಗತೊಡಗಿದಾಗ ನಮ್ಮವರು ಬಸ್ಸು ಹತ್ತಿ ದಾವಣಗೆರೆಗೆ ಹೋದರು. ಸಂಜೆ ಬರಿಗೈಯಲ್ಲಿ ಇಳಿದರು.

"ಮಿಲ್ಲಿಗೇ ಮೆಕ್ಕೆಜೋಳ ಬಂದಿಲ್ಲಂತೆ ರತ್ನ. ನಿಮಗೊಬ್ಬರಿಗಲ್ಲ, ಯಾರಿಗೂ ಇಲ್ಲ ಅಂತ ಗೇಟು ಹಾಕ್ಯಾರೆ" ಎಂದರು.

"ಹಂಗಾದ್ರೆ ಈಗಲೇ ಮಾರಿಬಿಡಾಕಾಗಲ್ವೇನ್ರಿ?"

"ಯಾರು ತಗೊಂತಾರೆ? ಒಯ್ಯಾಕೆ ಗಾಡಿ ಎಲ್ಲೈತೆ?"

ಇದ್ದ ಫೀಡಿಗೆ ಅಕ್ಕಿ ತೌಡು, ನುಚ್ಚು, ಮನೆಯ ರಾಗಿ ಸೇರಿಸಿ ಹಾಕಿದೆವು. ಅದು ಎಷ್ಟು ಹೊತ್ತಿಗೆ ಸಾಲಬೇಕು? ಬ್ರಾಯ್ಲರ್ ಕೋಳಿ ಎಂದರೆ ತಿನ್ನುವುದಕ್ಕೇ ಹುಟ್ಟಿದ ಜೀವ. ಹಸಿವೆಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ. ಗೊತ್ತಾದಾಗ ಅದು ಮಾಡುವ ಸದ್ದನ್ನು ಕೇಳಿದವರೇ ಬಲ್ಲರು. ಇಡೀ ಶೆಡ್ಡು ಒಂದೇ ಗಂಟಲಾಗಿ ಕೂಗುತ್ತಿತ್ತು. ಹೊಟ್ಟು ನುಂಗಿದವು. ಒಂದರ ಬಾಲವನ್ನು ಇನ್ನೊಂದು ಕುಕ್ಕಿ ರಕ್ತ ಬರಿಸಿದವು. ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತರೂ ಆ ಕೂಗು ಗೋಡೆ ದಾಟಿ ಬರುತ್ತಿತ್ತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ತಡೆಯಲಾರದೆ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲನ್ನು ಪೂರ್ತಿ ತೆಗೆದಿಟ್ಟೆ. ಹೋಗಿ ಎಲ್ಲಾದರೂ ಕೆದರಿಕೊಂಡು ತಿನ್ನಲಿ ಎಂದು. ಒಂದೂ ಹೊರಗೆ ಹೋಗಲಿಲ್ಲ. ಬಿಸಿಲು ಕಂಡು ಹೆದರಿ ಹೊಸ್ತಿಲಲ್ಲೇ ಗುಂಪಾಗಿ ನಿಂತವು. ಆಮೇಲೆ ಬಂದು ನನ್ನ ಕಾಲ ಸುತ್ತ ಕುಳಿತವು. ಮಣ್ಣು ಕೆದರುವುದನ್ನು ಅವಕ್ಕೆ ಕಲಿಸುವ ತಾಯಿ ಇರಲಿಲ್ಲವಲ್ಲ. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಅವತ್ತು ಮಧ್ಯಾಹ್ನ ನಮ್ಮವರು ಪಶು ಆಸ್ಪತ್ರೆಯ ಡಾಕ್ಟರನ್ನು ಕರೆದುಕೊಂಡು ಬಂದರು. ಹೊನ್ನಾಳಿ ಕಡೆಯಿಂದ ವರ್ಗವಾಗಿ ಬಂದಿದ್ದ ವಯಸ್ಸಾದ ಮನುಷ್ಯ. ದಾರಿಯಲ್ಲಿ ಮಾವಿನ ಮಂಡಿಯ ಮುಂದೆ ಹಾದು ಬಂದಿದ್ದರು. ಅಲ್ಲಿಯ ಸ್ಥಿತಿ ನಮ್ಮದಕ್ಕಿಂತ ಕೆಟ್ಟದಾಗಿತ್ತು. ಬೊಂಬಾಯಿಗೆ ಹೋಗಬೇಕಾದ ಹಣ್ಣು ಲಾರಿಯಿಲ್ಲದೆ ರಾಶಿ ರಾಶಿ ಬಿದ್ದು ಕೊಳೆಯುತ್ತಿತ್ತು. ಬಸ್ಸು ನಿಲ್ಲುವ ಜಾಗದ ತನಕ ಅದರ ಹುಳಿ ವಾಸನೆ ಬರುತ್ತಿತ್ತು.

ಡಾಕ್ಟರು ಶೆಡ್ಡನ್ನೊಮ್ಮೆ ನೋಡಿ, ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. "ಊರ ತುಂಬ ಮಾವಿನಹಣ್ಣು ಬಿದ್ದೈತಲ್ಲ, ಅದರ ವಾಟೆ ಒಳಗೆ ಬೀಜ ಇರ್ತದೆ ನೋಡ್ರಿ, ಅದರಾಗೆ ಹಿಟ್ಟಿನಂಶ ಐತೆ. ಮೆಕ್ಕೆಜೋಳದ ಬದಲು ಒಂದಿಷ್ಟು ಹಾಕಬಹುದು ಅಂತ ಓದೀನಿ. ನಾನಂತೂ ಯಾವತ್ತೂ ಹಾಕಿಲ್ಲ" ಎಂದರು.

"ಹಣ್ಣನ್ನೇ ಹಾಕಿದ್ರೆ ಸಾರ್?" ಎಂದು ನಾನು ಕೇಳಿದೆ.

"ಹಣ್ಣು ಬರೀ ನೀರಮ್ಮ. ಜಾಸ್ತಿ ತಿಂದ್ರೆ ಭೇದಿ ಆಗ್ತದೆ. ಬೂಸ್ಟು ಹಿಡಿದಿದ್ದಂತೂ ವಿಷ, ಮುಟ್ಟಿಸಬೇಡ್ರಿ. ಒಳ್ಳೆ ಸಿಪ್ಪೆ ಇದ್ರೆ ಒಣಗಿಸಿ ಸ್ವಲ್ಪ ಹಾಕ್ರಿ. ಬೀಜ ಹಸೀದು ಹಾಕಂಗಿಲ್ಲ, ಒಗರು. ನೆನೆಸಿ, ಕುದಿಸಿ, ಆ ನೀರು ಚೆಲ್ಲಿ, ಗರಿಗರಿ ಒಣಗಿಸಿ ಬೀಸಬೇಕು. ಜೊತೆಗೆ ಶೇಂಗಾ ಹಿಂಡಿ ಬೇಕೇ ಬೇಕು." ಎದ್ದು ನಿಂತು ಮತ್ತೆ ಹೇಳಿದರು. "ಉಳೀತಾವೆ ಅಂತ ನಾನು ಮಾತು ಕೊಡಾಕಿಲ್ಲ. ಸುಮ್ನೆ ಕೂರೋದಕ್ಕಿಂತ ಮೇಲು."

ಶೇಂಗಾ ಹಿಂಡಿಯ ಚಿಂತೆ ನನಗಿರಲಿಲ್ಲ. ನಮ್ಮ ಜಗಳೂರು ಕಡೆ ಬೆಳೆಯುವುದೇ ಶೇಂಗಾ. ಸುದ್ದಿ ಮುಟ್ಟಿದ ಕೂಡಲೇ ನಮ್ಮಣ್ಣ ಎಣ್ಣೆ ಗಿರಣಿಯಿಂದ ಹಿಂಡಿ ಕಟ್ಟಿಸಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಮಂಡಿಯ ರಸೂಲ್ ಸಾಹೇಬರಲ್ಲಿ ವಾಟೆ ಕೇಳಿದಾಗ ಅವರು ತಮ್ಮ ರಾಶಿಯ ಕಡೆಗೆ ಕೈ ಚಾಚಿದರು. "ತಗೊಂಡ್ ಹೋಗ್ರಿ ಹನುಮಂತಪ್ಪ. ನನ್ನ ಮಾಲು ಯಾರ ಹೊಟ್ಟೆಗಾದ್ರೂ ಹೋಗ್ಲಿ" ಎಂದು ಅವರದೇ ಎತ್ತಿನ ಗಾಡಿಯಲ್ಲಿ ಹಣ್ಣು ತುಂಬಿಸಿ ಕಳಿಸಿದರು.

ಹಿತ್ತಲಿನಲ್ಲಿ ಮಾವಿನ ಗುಡ್ಡ ಬಿತ್ತು. ಕೆಟ್ಟದ್ದನ್ನು ಆಚೆ ಎಸೆದು, ಉಳಿದದ್ದನ್ನು ಹಿಸುಕಿ ವಾಟೆ ತೆಗೆದು ತೊಳೆದೆವು. ಇನ್ನು ಒಡೆಯಬೇಕು. ಒಡೆಯಲು ಕುಳಿತಾಗಲೇ ನಮ್ಮ ಹುಚ್ಚುತನ ನಮಗೆ ಅರ್ಥವಾದದ್ದು. ಮಾವಿನ ವಾಟೆ ಎಂದರೆ ನಾರಿನ ಕವಚ. ಮಚ್ಚಿನಿಂದ ಹೊಡೆದರೆ ಜಾರುತ್ತದೆ, ಕಲ್ಲಿನಿಂದ ಜಜ್ಜಿದರೆ ಬೀಜ ಪುಡಿಯಾಗಿ ನಾರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಣ್ಣ, ನಾನು, ನಮ್ಮವರು ಮೂವರೂ ಸೇರಿ ಇಡೀ ದಿನ ಒಡೆದರೆ ಒಂದು ಮಂಕರಿ ಬೀಜವೂ ಆಗಲಿಲ್ಲ. ನನ್ನ ಎಡಗೈ ಹೆಬ್ಬೆರಳು ಸೀಳಿಹೋಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕುಳಿತೆ. ಪಕ್ಕದಲ್ಲಿ ಆ ಕೂಗು ನಿಂತಿರಲಿಲ್ಲ. ಆದರೆ ಮೊದಲಿಗಿಂತ ಸಣ್ಣದಾಗಿತ್ತು. ಕೂಗಲು ಶಕ್ತಿ ಇಲ್ಲದ್ದಕ್ಕೆ ಹಾಗೆ ಆಗಿದೆ ಎಂದು ಆಮೇಲೆ ಹೊಳೆಯಿತು.

"ಯಾಕವ್ವಾ, ಎಳೇ ಕೂಸುಗಳು ಅತ್ತಂಗೆ ಅಳ್ತಾವೆ?"

ತಲೆಯೆತ್ತಿದೆ. ಗೋಡೆಯ ಆಚೆಗೆ ಗೌರಮ್ಮಜ್ಜಿ ನಿಂತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ನಾನು ಎಲ್ಲ ಹೇಳಿದೆ. ಲಾರಿ, ಫೀಡು, ಡಾಕ್ಟರು, ವಾಟೆ ಎಲ್ಲ.

ಅವರು ಕೇಳಿಸಿಕೊಂಡು ಶೆಡ್ಡಿನ ಕಡೆ ನೋಡಿದರು. ಆಮೇಲೆ, "ಅವು ದೊಡ್ಡವಾದ ಮ್ಯಾಲೆ ಏನ್ ಮಾಡ್ತೀರಿ?" ಎಂದರು.

ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಕೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಮಾರ್ತೀವಿ ಅಜ್ಜಿ. ತಗೊಂಡೋರು ಕೊಯ್ತಾರೆ" ಎಂದೆ.

ಅವರು ತಿರುಗಿ ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಒಳಗಿನಿಂದ ಅವರ ಮಗ ಶಿವಣ್ಣನ ದನಿ ಕೇಳಿಸಿತು. "ನಿನಗೇನ್ ತಲೆ ಕೆಟ್ಟೈತೇನವ್ವಾ? ನಾಳೆ ಕೊಯ್ಯೋ ಕೋಳಿಗೆ ನಮ್ಮ ಅಡಿಕೆ ಹಂಡೆ ಕೊಡ್ತೀಯಾ? ಊರೋರು ಏನಂತಾರೆ?"

ಅಜ್ಜಿಯ ಉತ್ತರವೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು. "ಸಾಯಾದು ಅವುಗಳ ಹಣೇಬರ ಕಣಪ್ಪ, ಅದು ನನ್ನ ಕೈಯಾಗಿಲ್ಲ. ಇವತ್ತಿನ ಹಸಿವು ಐತಲ್ಲ, ಅದು ನನ್ನ ಗ್ವಾಡೆ ಪಕ್ಕದಾಗೆ ಐತೆ. ಅದನ್ನ ಕೇಳ್ಕೊಂತಾ ಪೂಜೆಗೆ ಕುಂತ್ರೆ ಶಿವ ನನ್ನ ಮಖ ನೋಡ್ತಾನೇನು?"

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಹಿತ್ತಲಿನ ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡುತ್ತೇನೆ, ಗೌರಮ್ಮಜ್ಜಿ. ಅವರ ಹಿಂದೆ ಅವರ ಮನೆಯ ಅಡಿಕೆ ಸುಲಿಯುವ ಹೆಂಗಸರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಮೆಟ್ಟುಗತ್ತಿ. ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಬಾಗಿದ ಕತ್ತಿ ಅದು. ಮಣೆಯನ್ನು ಕಾಲಿನಿಂದ ಮೆಟ್ಟಿಕೊಂಡು ಎರಡೂ ಕೈಯಿಂದ ಅಡಿಕೆ ಸುಲಿಯುತ್ತಾರೆ. ಸುಲಿಗೆಯ ಕಾಲವಲ್ಲದ್ದರಿಂದ ಕತ್ತಿಗಳು ಅಟ್ಟದ ಮೇಲಿದ್ದವು. ರಾತ್ರಿಯೇ ಇಳಿಸಿ ಮಸೆದಿದ್ದರು.

"ಎಲ್ಲೈತವ್ವಾ ನಿನ್ನ ವಾಟೆ?" ಎಂದರು ಅಜ್ಜಿ.

ಅವತ್ತು ಆ ಹೆಂಗಸರ ಕೈಗಳನ್ನು ನೋಡಬೇಕಿತ್ತು. ವಾಟೆಯ ಅಂಚನ್ನು ಕತ್ತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಚಿಪ್ಪು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಬೀಜ ಇಡಿಯಾಗಿ ಮಡಿಲಿಗೆ ಬೀಳುತ್ತಿತ್ತು. ಮಾತು, ನಗು, ಹಾಡು ಎಲ್ಲ ನಡೆದೇ ಇತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಅಡಿಕೆ ಬೇಯಿಸುವ ದೊಡ್ಡ ತಾಮ್ರದ ಹಂಡೆಯನ್ನು ಶಿವಣ್ಣನೇ ಉರುಳಿಸಿಕೊಂಡು ಬಂದ. ಮುಖ ಗಂಟು ಹಾಕಿಕೊಂಡೇ ಒಲೆ ಹೂಡಿ ಕೊಟ್ಟು ಹೋದ. ಕುದಿದ ನೀರು ಅಡಿಕೆ ಬೇಯಿಸಿದ ಚೊಗರಿನ ಹಾಗೇ ಕೆಂಪಗೆ ತಿರುಗಿತು. ಒಗರೆಲ್ಲ ಅದರಲ್ಲಿ ಇಳಿದಿತ್ತು.

ಸುದ್ದಿ ಊರಿಗೆ ಹಬ್ಬಿತು. ಗೌರಮ್ಮಜ್ಜಿಯೇ ಕೋಳಿ ಮನೆಗೆ ಹೋಗಿದ್ದಾರೆ ಎಂದ ಮೇಲೆ ಇನ್ಯಾರಿಗೆ ಅಡ್ಡಿ? ಶಾಲೆಗೆ ರಜೆ ಇದ್ದ ಮಕ್ಕಳು ಮಂಡಿಯಲ್ಲಿ ಹೊಟ್ಟೆ ತುಂಬ ಹಣ್ಣು ತಿಂದು ವಾಟೆಯನ್ನು ನಮ್ಮ ಬಾಗಿಲಿಗೆ ತಂದು ಸುರಿದರು. ಹೋಟೆಲಿನವರು ಬಾಳೆಹಣ್ಣಿನ ಸಿಪ್ಪೆ ಕಳಿಸಿದರು. ಯಾರೋ ಒಂದು ಮೊರ ರಾಗಿ, ಯಾರೋ ಒಂದು ಬಟ್ಟಲು ತೌಡು. ಕೊಟ್ಟು ನಿಲ್ಲುತ್ತಲೂ ಇರಲಿಲ್ಲ, ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಅದೇ ನಾಲ್ಕಾರು ದಿನ ಕೋಳಿಗಳ ಜೀವ ಹಿಡಿದದ್ದು.

ಬೆಂದ ಬೀಜವನ್ನು ಹೆಚ್ಚಿ ಒಣಗಿಸಲು ನಮ್ಮ ಹಿತ್ತಲು ಸಾಲಲಿಲ್ಲ. ಅಜ್ಜಿ ತಮ್ಮ ಕಣ ಬಿಟ್ಟುಕೊಟ್ಟರು. ಅದೂ ಸಾಲಲಿಲ್ಲ. ಆಮೇಲೆ ಬೀದಿಯಲ್ಲೇ ಗೋಣಿಚೀಲ, ಚಾಪೆ, ಹಳೆ ಸೀರೆ ಹಾಸಿದೆವು. ನಮ್ಮ ಮನೆಯಿಂದ ದೇವಸ್ಥಾನದ ಕಟ್ಟೆಯವರೆಗೂ ಎರಡೂ ಬದಿ ಮಾವಿನ ಬೀಜ. ಎತ್ತಿನ ಗಾಡಿಯವರು ಬೀದಿಯ ನಡುವೆ ಜೋಪಾನವಾಗಿ ಗಾಡಿ ನಡೆಸಿಕೊಂಡು ಹೋಗುತ್ತಿದ್ದರು.

ಮೂರನೆಯ ದಿನದ ಸಂಜೆ. ಬೀಜ ಗರಿಗರಿಯಾಗಲು ಇನ್ನು ಒಂದು ಬಿಸಿಲು ಸಾಕಿತ್ತು. ನಮ್ಮವರೂ ಅಣ್ಣನೂ ಗಿರಣಿಯವನನ್ನು ಮಾತಾಡಿಸಲು ಹೋಗಿದ್ದರು. ನಾನೊಬ್ಬಳೇ ಮನೆಯಲ್ಲಿದ್ದೆ. ಇದ್ದಕ್ಕಿದ್ದ ಹಾಗೆ ಬೆಳಕು ಕಂದಿತು. ಹೊರಗೆ ಬಂದು ನೋಡಿದರೆ ಪಡುವಣ ಕಡೆ ಮೋಡ ಹಂಡೆಯ ತಳದ ಹಾಗೆ ಕಪ್ಪಾಗಿ ನಿಂತಿತ್ತು. ಧೂಳಿನ ಗಾಳಿ ಎದ್ದು ಚಾಪೆಗಳು ಮಗುಚತೊಡಗಿದವು. ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಒಂದು ಸಲ ನೆನೆದರೆ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದದ್ದು ವಿಷ ಎಂದು ಡಾಕ್ಟರು ಹೇಳಿದ್ದರು. ಅಂದರೆ ಎಲ್ಲ ಮುಗಿದ ಹಾಗೆ.

ನಾನು ಬೀದಿಯ ಈ ತುದಿಯಿಂದ ಸೀರೆಯ ಮೂಲೆಗಳನ್ನು ಹಿಡಿದು ಎಳೆಯಲು ಶುರು ಮಾಡಿದೆ. ಮೊದಲನೆಯ ದಪ್ಪ ಹನಿ ನನ್ನ ತೋಳಿನ ಮೇಲೆ ಬಿತ್ತು. ಬೀದಿಯ ಆ ತುದಿ ಕಡೆ ನೋಡಿದೆ. ಅಷ್ಟು ದೂರ ಹಾಸಿದ್ದನ್ನು ಒಬ್ಬಳೇ ಎತ್ತುವುದೆಂದರೆ ಆಗದ ಮಾತು. "ಯಾರಾದ್ರೂ ಬರ್ರೀ" ಎಂದು ಕೂಗಿದೆನೋ ಇಲ್ಲವೋ, ಈಗ ನೆನಪಿಲ್ಲ. ಕೂಗಿದ್ದರೂ ಆ ಗಾಳಿಯಲ್ಲಿ ಯಾರಿಗೂ ಕೇಳಿಸಿರಲಾರದು.

ಆಗ ಬಾಗಿಲುಗಳು ತೆರೆದವು. ಒಂದಲ್ಲ, ಬೀದಿಯ ಎಲ್ಲ ಬಾಗಿಲುಗಳೂ. ಕಂಕುಳ ಕೂಸನ್ನು ಹಾಗೇ ಹೊಸ್ತಿಲ ಮೇಲೆ ಕೂರಿಸಿ ಓಡಿ ಬಂದವರು, ಕೈಯ ಹಿಟ್ಟು ತೊಳೆಯದೆ ಬಂದವರು, ದೇವಸ್ಥಾನದಿಂದ ಮಡಿಯಲ್ಲೇ ಇಳಿದು ಬಂದ ಪೂಜಾರಿ, ಮಂಡಿಯಿಂದ ರಸೂಲ್ ಸಾಹೇಬರು ಮತ್ತು ಅವರ ಹಮಾಲರು. ಯಾರೂ ಯಾರಿಗೂ ಹೇಳಲಿಲ್ಲ. ಇಬ್ಬಿಬ್ಬರು ಚಾಪೆಯ ಎರಡು ತುದಿ ಹಿಡಿದು ಮಡಿಸಿ, ಎತ್ತಿ, ಹತ್ತಿರದ ಯಾವ ಮನೆ ಸಿಕ್ಕಿತೋ ಆ ಮನೆಯೊಳಗೆ ನುಗ್ಗಿದರು. ಶಿವಣ್ಣ ಅಡಿಕೆಯ ತಾಡಪಾಲನ್ನು ಹೆಗಲ ಮೇಲೆ ಹೊತ್ತು ಓಡಿಬಂದು, ಎತ್ತಲಾಗದೆ ಉಳಿದ ರಾಶಿಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ತಾನೇ ಅದರ ಅಂಚಿನ ಮೇಲೆ ಮಲಗಿಬಿಟ್ಟ. ಮಳೆ ಅವನ ಬೆನ್ನಿನ ಮೇಲೆ ದಬದಬನೆ ಸುರಿಯಿತು.

"ಇತ್ಲಾಗ್ ತಗೊಂಬಾರೇ ರತ್ನ! ನಿಂತ್ಕಂಡ್ ಏನ್ ನೋಡ್ತೀಯ!" ಎಂದು ಗೌರಮ್ಮಜ್ಜಿ ತಮ್ಮ ಬಾಗಿಲಿನಿಂದ ಕೂಗಿದರು.

ನಾನು ಸೀರೆಯ ಗಂಟನ್ನು ಎದೆಗವಚಿಕೊಂಡು ಅವರ ಹೊಸ್ತಿಲು ದಾಟಿದೆ. ದಾಟಿದ ಮೇಲೆ ಎಲ್ಲಿದ್ದೇನೆಂದು ಅರಿವಾಗಿ ಹಾಗೇ ನಿಂತೆ. ಕಂಬಗಳ ದೊಡ್ಡ ಪಡಸಾಲೆ, ಒಳಗೆ ದೇವರ ಕೋಣೆಯಲ್ಲಿ ದೀಪ. ನೆಲದ ತುಂಬ ಕೋಳಿಗೆ ಹಾಕುವ ಮಾವಿನ ಬೀಜ. ಅಜ್ಜಿ ಮಂಡಿಯೂರಿ ಕುಳಿತು ಅದನ್ನು ಕೈಯಿಂದ ಹರಡುತ್ತಿದ್ದರು. ಹೊರಗೆ ಬೀದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು.

ಆ ಬೀಜ ಉಳಿಯಿತು. ಮಳೆ ಬಿಟ್ಟ ಮೇಲೆ ಒಳ್ಳೆಯ ಬಿಸಿಲೂ ಬಂತು. ಗಿರಣಿಯವನು ಜನರ ಹಿಟ್ಟೆಲ್ಲ ಬೀಸಿ ಮುಗಿಸಿದ ಮೇಲೆ ನಮ್ಮದನ್ನು ಬೀಸಿಕೊಟ್ಟ. ಹಿಂಡಿ, ತೌಡು, ಉಳಿದಿದ್ದ ಚೂರು ಪಾರು ಫೀಡು ಎಲ್ಲ ಕಲೆಸಿ, ಡಾಕ್ಟರು ಹೇಳಿದ ಅಳತೆಯಲ್ಲಿ ಬೀಜದ ಹಿಟ್ಟು ಬೆರೆಸಿದೆವು. ಮಣ್ಣಿನ ಬಣ್ಣದ ಹಿಟ್ಟು. ಶೆಡ್ಡಿನ ಮುಂದೆ ಜನ ನೆರೆದಿದ್ದರು. ಡಾಕ್ಟರೂ ಬಂದಿದ್ದರು.

ತಟ್ಟೆಗಳಿಗೆ ಸುರಿದೆ. ಕೋಳಿಗಳು ಓಡಿ ಬಂದವು. ಬಂದು ನಿಂತವು. ಕೊಕ್ಕು ಚಾಚಿ, ಹಿಂದಕ್ಕೆ ಎಳೆದುಕೊಂಡು, ತಲೆ ಓರೆ ಮಾಡಿ ನೋಡಿದವು. ಅವು ಹುಟ್ಟಿದಾಗಿನಿಂದ ಕಂಡಿದ್ದು ಹಳದಿ ಮೆಕ್ಕೆಜೋಳ. ಇದು ಬೇರೆ ಬಣ್ಣ, ಬೇರೆ ವಾಸನೆ. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಬಾಲದ ಪುಕ್ಕವೆಲ್ಲ ಕಿತ್ತುಹೋದ ಒಂದು ಬಡಕಲು ಕೋಳಿ ಮುಂದೆ ಬಂದು ಒಂದು ಸಲ ಕುಕ್ಕಿತು. ನುಂಗಿತು. ಮತ್ತೆ ಕುಕ್ಕಿತು. ಆಮೇಲೆ ಎಲ್ಲವೂ ಮುಗಿಬಿದ್ದವು.

ಕೂಗು ನಿಂತುಹೋಯಿತು. ಎಷ್ಟೋ ದಿನದಿಂದ ನಮ್ಮ ಕಿವಿಯಲ್ಲಿ ತುಂಬಿದ್ದ ಆ ಸದ್ದು ಒಮ್ಮೆಲೇ ಇಲ್ಲವಾಯಿತು. ಅದರ ಜಾಗದಲ್ಲಿ ತಗಡಿನ ತಟ್ಟೆಗಳ ಮೇಲೆ ಕೊಕ್ಕುಗಳು ಬೀಳುವ ಟಪಟಪ ಸದ್ದು ಮಾತ್ರ, ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ. ಸೇರಿದ್ದ ಜನ, ದೇವರ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು. ನಾನು ಪಕ್ಕಕ್ಕೆ ತಿರುಗಿದೆ. ಗೌರಮ್ಮಜ್ಜಿ ಶೆಡ್ಡಿನ ಬಾಗಿಲಲ್ಲೇ ನಿಂತು, ಬಾಯಿ ಸ್ವಲ್ಪ ತೆರೆದು, ಕೋಳಿಗಳನ್ನೇ ನೋಡುತ್ತಿದ್ದರು. "ತಿನ್ರವ್ವಾ, ತಿನ್ರಿ" ಎಂದು ಮೆಲ್ಲಗೆ ಹೇಳಿದ್ದು ನನಗೊಬ್ಬಳಿಗೇ ಕೇಳಿಸಿರಬೇಕು.

ಎಲ್ಲವೂ ಉಳಿಯಲಿಲ್ಲ. ಮೊದಲೇ ಸೊರಗಿದ್ದ ಕೆಲವು ಸತ್ತವು. ಉಳಿದವು ನಿಧಾನವಾಗಿ ಬೆಳೆದವು, ತೂಕವೂ ಕಡಿಮೆ ಬಂತು. ಆದರೆ ಮುಷ್ಕರ ಮುಗಿದು ಫೀಡಿನ ಲಾರಿ ಬರುವವರೆಗೂ ಅವು ಆ ಮಣ್ಣುಬಣ್ಣದ ಹಿಟ್ಟಿನ ಮೇಲೇ ಬದುಕಿದವು. ಕೋಳಿಗಳನ್ನು ಒಯ್ಯಲು ವ್ಯಾಪಾರಿಯ ಗಾಡಿ ಬಂದ ದಿನ ಅಜ್ಜಿ ಬೆಳಿಗ್ಗೆಯೇ ನ್ಯಾಮತಿಯ ಮಗಳ ಮನೆಗೆ ಹೊರಟುಹೋಗಿದ್ದರು. ಹೋಗುವಾಗ ನನಗೆ ಹೇಳಿ ಹೋಗಲಿಲ್ಲ. ವಾಪಸು ಬಂದ ಮೇಲೆ ಅವರಾಗಲೀ ನಾನಾಗಲೀ ಆ ಮಾತು ಎತ್ತಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ನನ್ನ ಮಗಳಿಗೆ ನಡೆಯುವ ವಯಸ್ಸಾಗಿದ್ದಾಗ, ಒಂದು ಮಧ್ಯಾಹ್ನ ಅಜ್ಜಿಯ ಪಡಸಾಲೆಯಲ್ಲಿ ಅವರ ಜೊತೆ ಕುಳಿತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಆಗ ನಾನು ಅಲ್ಲಿಗೆ ಹೋಗಿಬರುವುದು ಮಾಮೂಲಾಗಿತ್ತು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಅಜ್ಜಿ, ಅವತ್ತು ಹೆಂಗೆ ಎಲ್ಲರೂ ಒಂದೇ ಸಲ ಓಡಿ ಬಂದ್ರಿ?"

"ಯಾವತ್ತು?" ಎಂದರು.

"ಆ ವರ್ಷ, ಲಾರಿ ನಿಂತಾಗ. ಮಾವಿನ ಬೀಜ ಒಣಗಾಕೆ ಹಾಕಿದ್ವಲ್ಲ, ಮಳೆ ಬಂತಲ್ಲ..."

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ನಿಜವಾಗಿಯೂ ನೆನಪಿಗೆ ತಂದುಕೊಳ್ಳಲು ಕಷ್ಟಪಡುತ್ತಿದ್ದರು. ಕೊನೆಗೆ, "ಓ ಅದಾ? ಮಳೆ ಬಂತು, ಎತ್ತಿಟ್ವಿ. ಅದರಾಗೇನೈತೆ?" ಎಂದು ಮತ್ತೆ ಸೊಪ್ಪಿನ ಕಡೆ ತಿರುಗಿದರು.

ನನ್ನ ಕೈಯಲ್ಲಿದ್ದ ಕೊತ್ತಂಬರಿ ಕಡ್ಡಿ ಹಾಗೇ ಉಳಿಯಿತು. ಜೀವಮಾನವಿಡೀ ನಾನು ಮರೆಯಲಾಗದ್ದನ್ನು ಅವರು ಮಾಡಿದ ಮರುದಿನವೇ ಮರೆತಿದ್ದರು. ಅವರು ಈಗಿಲ್ಲ. ನನಗೆ ಮೊಮ್ಮಕ್ಕಳಾಗಿದ್ದಾರೆ. ದೊಡ್ಡ ಮನಸ್ಸು ಎಂಬ ಮಾತನ್ನು ಯಾರಾದರೂ ಆಡಿದಾಗ ಇವತ್ತಿಗೂ ನನಗೆ "ಅದರಾಗೇನೈತೆ?" ಎಂದ ಆ ದನಿ ಕೇಳಿಸುತ್ತದೆ.